ಔಷ್‌ವಿಟ್ಸ್ ಹೆಂಗಸರು ಕದ್ದ ಮದ್ದು: ದಿನಕ್ಕೆ ಎಷ್ಟು, ಯಾವ ದಾರಿಯಲ್ಲಿ, ಕೊನೆಗೆ ಸಿಡಿದದ್ದೇನು?

ಪುಸ್ತಕದಹುಳು:
ನಾಜಿಗಳ ಔಷ್‌ವಿಟ್ಸ್ ಸಾವಿನ ಶಿಬಿರದಲ್ಲಿ 1944ರ ಅಕ್ಟೋಬರ್ 7ರಂದು ನಡೆದ ಕೈದಿಗಳ ದಂಗೆಗೆ ಯಹೂದಿ ಹೆಂಗಸರು ಕಾರ್ಖಾನೆಯಿಂದ ಸಿಡಿಮದ್ದು ಕದ್ದು ಕೊಟ್ಟರು ಅಂತ ಎಲ್ಲರೂ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ಮೈಮೇಲೆ ಇದ್ದದ್ದು ಕೈದಿ ಬಟ್ಟೆ, ದಾರಿಯಲ್ಲಿ ತಪಾಸಣೆ ಬೇರೆ. ಹಾಗಾದರೆ ದಿನಕ್ಕೆ ಎಷ್ಟು ತರೋಕೆ ಆಗುತ್ತಿತ್ತು? ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿತ್ತು? ಇನ್ನೊಂದು ಗೊಂದಲ: ಒಂದು ಕಡೆ 3ನೇ ಕ್ರಿಮೆಟೋರಿಯಂ (ಹೆಣ ಸುಡುವ ಕಟ್ಟಡ) ಉಡಾಯಿಸಿದರು ಅಂತಿದೆ, ಇನ್ನೊಂದು ಕಡೆ 4ನೇದು. ಯಾವುದು ಸರಿ?

ಹಳೇಕಡತ:
ಪ್ರಮಾಣದ ವಿಷಯ ಮೊದಲು, ಯಾಕಂದ್ರೆ ಎಲ್ಲರೂ ಎಡವುವುದು ಇಲ್ಲೇ. ಮೂಟೆಗಟ್ಟಲೆ ಸಾಗಿಸಿದರು ಅಂದುಕೊಳ್ಳಬೇಡಿ. ಲೆಕ್ಕ ಟೀ ಚಮಚದಲ್ಲಿ.

ಕಾರ್ಖಾನೆಯ ಹೆಸರು ವೈಕ್ಸೆಲ್-ಯೂನಿಯನ್-ಮೆಟಾಲ್‌ವೆರ್ಕೆ. ಅಲ್ಲಿ ತಯಾರಾಗುತ್ತಿದ್ದದ್ದು ಫಿರಂಗಿ ಗುಂಡಿನ ಫ್ಯೂಸ್, ಅಂದರೆ ಗುಂಡನ್ನು ಸಿಡಿಸುವ ಭಾಗ. ಕೆಲಸಗಾರರು ನೂರಾರು ಮಂದಿ ಇದ್ದರೂ ಮದ್ದಿನ ಕೋಣೆಯೊಳಗೆ ಕೂರುತ್ತಿದ್ದದ್ದು ಬೆರಳೆಣಿಕೆಯ ಹೆಂಗಸರು. ರೆಗಿನಾ ಸಫಿರ್‌ಷ್ಟೈನ್ ಅಲ್ಲಿನ ಮೇಸ್ತ್ರಿ, ಎಸ್ತುಸಿಯಾ ವೈಟ್ಸ್‌ಬ್ಲುಮ್ ಅಲ್ಲೇ ಕೆಲಸಕ್ಕಿದ್ದವಳು. ಅಳತೆ ಮಾಡಿದ ಪುಡಿಯನ್ನು ಪುಟ್ಟ ಬಿಲ್ಲೆಯಾಗುವಂತೆ ಪ್ರೆಸ್‌ನಲ್ಲಿ ಒತ್ತುವುದು ಕೆಲಸ. ಒತ್ತಡ ಸರಿಯಾಗದ ಬಿಲ್ಲೆ ರದ್ದಿಗೆ ಹೋಗುತ್ತಿತ್ತು. ಪ್ರತಿ ಸಲ ಚಿಟಿಕೆಯಷ್ಟು ಉಳಿಸಿ, ಚಿಂದಿ ಬಟ್ಟೆಯಲ್ಲಿ ಕಟ್ಟಿಡಬೇಕು. ಸ್ಲೇಟಿನ ಬಣ್ಣ, ದಪ್ಪ ಉಪ್ಪಿನಂಥ ಹರಳು ಅಂತ ಎಸ್ತುಸಿಯಾಳ ತಂಗಿ ಹನಾ ಮುಂದೆ ವಿವರಿಸಿದ್ದಾಳೆ. ಇಡೀ ಪಾಳಿ ಮುಗಿದರೂ ಕೈಗೆ ಸಿಗುತ್ತಿದ್ದದ್ದು ಒಂದೆರಡು ಟೀ ಚಮಚ. ಅದಕ್ಕೇ ಈ ಕೆಲಸ ತಿಂಗಳುಗಟ್ಟಲೆ ನಡೆದದ್ದು.

ಗಡಿಯಾರ_64:
ದಾರಿ ಬಗ್ಗೆ ನಾನು ಹೇಳ್ತೀನಿ. ಮದ್ದಿನ ಕೋಣೆಗೆ ಹೊರಗಿನವರು ಸುಮ್ಮನೆ ನುಗ್ಗುವಂತಿರಲಿಲ್ಲ. ಹನಾ ಬೇರೆ ವಿಭಾಗದವಳು, ಕಸದ ಡಬ್ಬಿ ಹಿಡಿದು ಆ ಕಡೆ ಹಾಯುವಳು, ಅಕ್ಕ ಗಂಟನ್ನು ಅದಕ್ಕೆ ಹಾಕುವಳು. ಆಮೇಲೆ ಅದು ಎದೆಯ ಬಳಿ ಬಟ್ಟೆಯೊಳಗೋ, ತಲೆವಸ್ತ್ರದ ಗಂಟಿನಲ್ಲೋ ಸೇರುತ್ತಿತ್ತು. ಕಾರ್ಖಾನೆಯಿಂದ ಬಿರ್ಕೆನೌಗೆ, ಅಂದರೆ ಔಷ್‌ವಿಟ್ಸ್‌ನ ಎರಡನೇ ಶಿಬಿರಕ್ಕೆ, ಸುಮಾರು 3 ಕಿಲೋಮೀಟರ್ ನಡಿಗೆ. ಮುಂದೆ ತಪಾಸಣೆ ಇದೆ ಅಂತ ಸುಳಿವು ಸಿಕ್ಕರೆ ಗಂಟು ಬಿಚ್ಚಿ ಪುಡಿಯನ್ನು ನೆಲಕ್ಕೆ ಸುರಿದು, ಕಾಲಲ್ಲಿ ಮಣ್ಣಿಗೆ ತಿಕ್ಕಿಬಿಡಬೇಕು. ಅಂದಿನ ಪೂರ್ತಿ ದುಡಿಮೆ ಅಲ್ಲಿಗೆ ಮಣ್ಣುಪಾಲು. ಹಾಗಾಗಿ ಕದ್ದದ್ದಷ್ಟೂ ತಲುಪಿತು ಅಂತ ಗುಣಾಕಾರ ಹಾಕಿ ಕಿಲೋ ಲೆಕ್ಕ ಕೊಡುವವರನ್ನು ನಂಬಬೇಡಿ.

ಕಾರ್ಖಾನೆಯ ಒಳಗಿನವರಿಗೂ ಬಿರ್ಕೆನೌನ ರೋಜಾ ರೊಬೋಟಾಗೂ ನಡುವಿನ ಕೊಂಡಿ ಆಲಾ ಗೆರ್ಟ್‌ನರ್. ರೋಜಾ ಚೆಹಾನೂಫ್ ಊರಿನವಳು, ಹುಟ್ಟಿದ್ದು 1921, ಹಷೊಮೆರ್ ಹತ್ಸಾಯಿರ್ ಯುವಸಂಘಟನೆಯ ಕಾರ್ಯಕರ್ತೆ. ಅವಳನ್ನು ಹಾಕಿದ್ದು ಬಟ್ಟೆ ಗೋದಾಮಿನ ಕೆಲಸಕ್ಕೆ. ಅಲ್ಲಿಂದ ಜೋಂಡರ್‌ಕಮಾಂಡೊಗೆ, ಅಂದರೆ ಹೆಣ ಸುಡುವ ಕೆಲಸಕ್ಕೆ ಬಲವಂತವಾಗಿ ಹಾಕಿದ್ದ ಯಹೂದಿ ಗಂಡಸರಿಗೆ, ಮಾಲು ದಾಟಿಸಬಹುದಿತ್ತು. ಅವರು ಅದನ್ನು ಖಾಲಿ ತಗಡಿನ ಡಬ್ಬಿಗೆ ತುಂಬಿ ಕೈಬಾಂಬು ಮಾಡಿಕೊಂಡರು.

ಇದೊಂದೇ ದಾರಿ ಅಲ್ಲ. ಯೂನಿಯನ್ ಕಾರ್ಖಾನೆಯಲ್ಲೇ ಇದ್ದ ಯೆಹುದಾ ಲೌಫರ್, ಇಸ್ರಾಯೆಲ್ ಗುಟ್ಮನ್ ಇಬ್ಬರೂ ಎರಡು ತಳವಿರುವ ಊಟದ ಪಾತ್ರೆಯಲ್ಲಿ ಸಾಗಿಸುತ್ತಿದ್ದರು. ಗುಟ್ಮನ್ ಮುಂದೆ ಹೆಸರಾಂತ ಇತಿಹಾಸಕಾರರಾದರು.

ಹಳೇಕಡತ:
3ನೇದೋ 4ನೇದೋ ಎಂಬುದು ಬರೀ ಎಣಿಕೆಯ ಗಲಾಟೆ. ಮುಖ್ಯ ಶಿಬಿರದ ಹಳೆಯದನ್ನು 1 ಅಂತ ಹಿಡಿದರೆ ಬಿರ್ಕೆನೌದವು 2ರಿಂದ 5. ಹಳೆಯ ಕೆಲವು ಬರಹಗಳು ಬಿರ್ಕೆನೌದವನ್ನಷ್ಟೇ 1ರಿಂದ 4 ಅಂತ ಎಣಿಸುತ್ತವೆ. ಕಟ್ಟಡ ಅದೇ. ಈಗ ಬರೆಯುವಾಗ 4 ಅಂತಲೇ ಬರೆಯಿರಿ.

ಆದರೆ "ಉಡಾಯಿಸಿದರು" ಅನ್ನುವ ಕ್ರಿಯಾಪದದ ಮೇಲೆ ನನ್ನ ತಕರಾರಿದೆ. ಆ ಶನಿವಾರ ಎಸ್‌ಎಸ್‌ನವರು (ಶಿಬಿರ ಕಾಯುತ್ತಿದ್ದ ನಾಜಿ ಪಡೆ) 4ನೇ ಕ್ರಿಮೆಟೋರಿಯಂನ ಜೋಂಡರ್‌ಕಮಾಂಡೊ ಆಳುಗಳನ್ನು ಹೆಸರಿನ ಪಟ್ಟಿ ಹಿಡಿದು ಕರೆದೊಯ್ಯಲು ಬಂದಾಗ ಕಲ್ಲು, ಕೊಡಲಿ, ಸುತ್ತಿಗೆಯಿಂದ ಹೊಡೆದಾಟ ಶುರುವಾಯಿತು. ಒಳಗೆ ಹುಲ್ಲುಹಾಸಿಗೆಗಳಿಗೆ ಬೆಂಕಿ ಬಿತ್ತು, ಚಾವಣಿ ಸುಟ್ಟುಹೋಯಿತು, ಆ ಕಟ್ಟಡ ಮತ್ತೆ ಬಳಕೆಗೆ ಬರಲಿಲ್ಲ. ಹೊಗೆ ಕಂಡು 2ನೇದರವರು ಎದ್ದು ಬೇಲಿ ಕತ್ತರಿಸಿ ಹೊರಬಿದ್ದರು. ಉಳಿದ ಎರಡು ಕಡೆಯವರು ಸೇರಿಕೊಳ್ಳಲು ಆಗಲಿಲ್ಲ. ಕಾದಾಟದಲ್ಲಿ ಸುಮಾರು 250 ಕೈದಿಗಳು ಸತ್ತರು, ಆಮೇಲೆ ಇನ್ನೂ 200 ಮಂದಿಯನ್ನು ಗುಂಡಿಟ್ಟು ಕೊಂದರು. ಎಸ್‌ಎಸ್ ಕಡೆ ಸತ್ತವರು 3.

ಒಂದು ಎಚ್ಚರಿಕೆ: ಕುಸಿದುಬಿದ್ದ ಕಾಂಕ್ರೀಟ್ ಚಾವಣಿಯ ಪ್ರಸಿದ್ಧ ಫೋಟೊಗಳು 2 ಮತ್ತು 3ನೇದರವು. ಅವನ್ನು 1945ರ ಜನವರಿಯಲ್ಲಿ ಎಸ್‌ಎಸ್‌ನವರೇ, ಗುರುತು ಅಳಿಸಲು, ಸಿಡಿಸಿ ಉರುಳಿಸಿದ್ದು. ಅದರ ಕೆಳಗೆ ಈ ಹೆಂಗಸರ ಹೆಸರು ಹಾಕಬೇಡಿ.

ಪುಸ್ತಕದಹುಳು:
ಅಂದರೆ ಅಷ್ಟು ಕಷ್ಟಪಟ್ಟು ತಂದ ಮದ್ದು ವ್ಯರ್ಥವಾಯಿತೇ? ಸಿಕ್ಕಿಬಿದ್ದದ್ದು ಹೇಗೆ?

ಗಡಿಯಾರ_64:
ಯೋಜನೆ ಇದ್ದದ್ದು ಇಡೀ ಶಿಬಿರ ಒಟ್ಟಿಗೆ ಏಳಬೇಕು ಅಂತ. ಸೋವಿಯತ್ ಸೈನ್ಯ ಹತ್ತಿರ ಬರುತ್ತಿದೆ, ಕಾಯೋಣ ಅನ್ನುತ್ತಿತ್ತು ಶಿಬಿರದ ಭೂಗತ ಸಂಘಟನೆ. ಜೋಂಡರ್‌ಕಮಾಂಡೊಗೆ ಕಾಯುವಷ್ಟು ಆಯಸ್ಸಿರಲಿಲ್ಲ. ಅವರನ್ನು ಆಗಾಗ ತಂಡತಂಡವಾಗಿ ಮುಗಿಸುತ್ತಿದ್ದರು. ಕೊನೆಗೆ ದಿನ ಗೊತ್ತುಮಾಡಿದ್ದು ಅವರಲ್ಲ, ಆ ಪಟ್ಟಿ. ಮದ್ದಿಗಿಂತ ಹೊಂದಾಣಿಕೆ ಕೈಕೊಟ್ಟಿತು ಅನ್ನುವುದು ನನ್ನ ಅಭಿಪ್ರಾಯ.

ಸಿಕ್ಕಿಬಿದ್ದದ್ದಕ್ಕೆ ಕಾರಣ ಮದ್ದೇ. ಆ ಬಗೆಯ ಪುಡಿ ಯೂನಿಯನ್ ಕಾರ್ಖಾನೆಯದು ಅಂತ ಗೊತ್ತಾದ ಮೇಲೆ ತನಿಖೆ ನೇರ ಮದ್ದಿನ ಕೋಣೆಗೆ ಬಂತು. ಎಸ್ತುಸಿಯಾ, ರೆಗಿನಾ, ಆಲಾ, ರೋಜಾ ನಾಲ್ವರನ್ನೂ ಹಿಡಿದು ಚಿತ್ರಹಿಂಸೆ ಕೊಟ್ಟರು. ಭೂಗತ ಸಂಘಟನೆಯ ಹೆಚ್ಚಿನ ಹೆಸರುಗಳು ಗೊತ್ತಿದ್ದದ್ದು ರೋಜಾಗೆ. ಅವಳನ್ನಿಟ್ಟಿದ್ದ 11ನೇ ಬ್ಲಾಕಿನ, ಅಂದರೆ ಶಿಬಿರದೊಳಗಿನ ಜೈಲಿನ, ಕೋಣೆಗೆ ಅವಳ ಊರಿನವನೇ ಆದ ನೋಆಖ್ ಜಬ್ಲುಡೊವಿಚ್ ಗುಟ್ಟಾಗಿ ಹೋಗಿ ಬಂದ. ನಾನು ಯಾರ ಹೆಸರನ್ನೂ ಬಿಟ್ಟುಕೊಟ್ಟಿಲ್ಲ, ನಿಮ್ಮ ಕೆಲಸ ನಡೆಸಿ ಅಂತ ಹೇಳಿ ಕಳಿಸಿದಳು. ಅವಳು ಬರೆದು ಕಳಿಸಿದ ಚೀಟಿಯ ಕೊನೆಗೆ ಹೀಬ್ರೂವಿನಲ್ಲಿ "ಹಜಾಕ್ ವೆಎಮಾಟ್ಸ್", ಗಟ್ಟಿಯಾಗಿರಿ, ಧೈರ್ಯವಾಗಿರಿ.

ಹಳೇಕಡತ:
ದಿನಾಂಕ ಹಾಕುವಾಗ ನೋಡಿಕೊಳ್ಳಿ: ಗಲ್ಲಿಗೇರಿಸಿದ್ದು ಕೆಲವು ಕಡೆ 1945ರ ಜನವರಿ 5, ಕೆಲವು ಕಡೆ 6 ಅಂತಿದೆ. ಶಿಬಿರ ಖಾಲಿ ಮಾಡಿಸಿ ಕೈದಿಗಳನ್ನು ಬಲವಂತವಾಗಿ ನಡೆಸಿಕೊಂಡು ಹೊರಟದ್ದು ಅದಾದ ಎರಡು ವಾರದೊಳಗೆ, ಸೋವಿಯತ್ ಸೈನ್ಯ ಬಂದದ್ದು 27ಕ್ಕೆ. ನಾಲ್ವರನ್ನೂ ಒಟ್ಟಿಗೆ ಗಲ್ಲಿಗೆ ಹಾಕಲಿಲ್ಲ. ಇಬ್ಬರನ್ನು ಹಗಲು ಪಾಳಿಯವರ ಮುಂದೆ, ಇನ್ನಿಬ್ಬರನ್ನು ರಾತ್ರಿ ಪಾಳಿಯವರ ಮುಂದೆ. ಯೂನಿಯನ್‌ನ ಹೆಂಗಸರಲ್ಲಿ ಯಾರಿಗೂ ನೋಡುವುದು ತಪ್ಪಬಾರದಲ್ಲ, ಅದಕ್ಕೆ.