ಮಾಸ್ತರಿಗೆ 73, ನನಗೆ 26: ವಾಕಿಂಗ್ ಜೋಡಿ ಮಳೆಗಾಲಕ್ಕೂ ಉಳಿಯಬೇಕಂದ್ರೆ ಏನ್ ಮಾಡ್ಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಕಾರವಾರ: ಟಾಗೋರ್ ಕಡಲತೀರದ ಬೆಳಗಿನ ಗುಂಪಿನಲ್ಲಿ ನಿವೃತ್ತ ಮಾಸ್ತರೊಬ್ಬರ ಜೊತೆ ಸ್ನೇಹ ಆಗಿದೆ. ಅವರಿಗೆ ಶುಗರ್ ಇದೆ, ಬಲಗಿವಿಗೆ ಮಶಿನ್ ಇದೆ. ನನ್ನ ನಡಿಗೆ ಅವರಿಗೆ ಜೋರು, ಅವರದ್ದು ನನಗೆ ಸಾಲುವುದಿಲ್ಲ. ಚಹಾದ ದುಡ್ಡು ದಿನಾ ಅವರೇ ಕೊಡ್ತಾರೆ. ಇಂಥ ಜೋಡಿ ಇದ್ದವರು ಏನು ಮಾಡ್ತೀರಿ?

ಕೋಡಿಬಾಗದಿಂದ: ಜಾಗ ನೋಡಿ ತಿರುಗಬಾರದು, ಗಡಿಯಾರ ನೋಡಿ ತಿರುಗಬೇಕು. ಯುದ್ಧನೌಕೆ ಮ್ಯೂಸಿಯಂ ಹತ್ತಿರ ಎಲ್ಲರೂ ಒಟ್ಟಿಗೆ ಹೊರಡುವುದು, 20 ನಿಮಿಷಕ್ಕೆ ಯಾರು ಎಲ್ಲೇ ಇರಲಿ ಅಲ್ಲಿಂದಲೇ ವಾಪಸ್. ಜೋರು ನಡೆಯುವವನು ದೂರ ಹೋಗಿರುತ್ತಾನೆ, ನಿಧಾನದವರು ಹತ್ತಿರದಲ್ಲೇ ಇರುತ್ತಾರೆ. ಹೊರಟಲ್ಲಿಗೆ ಮುಟ್ಟುವಾಗ ಎಲ್ಲರೂ ಒಂದೇ ಹೊತ್ತಿಗೆ. ನಡೀತಾ ಪೂರ್ತಿ ವಾಕ್ಯ ಆಡಲು ಬಂದರೆ ವೇಗ ಸರಿ. ನಡುವೆ ಉಸಿರಿಗೆ ತಡೆದರೆ ಜಾಸ್ತಿ, ಹಾಡು ಹೇಳುವಷ್ಟು ಉಸಿರಿದ್ದರೆ ಕಡಿಮೆ. ನಮ್ಮ ಗುಂಪು ಒಡೆಯದೆ ನಿಂತದ್ದೇ ಈ ಪದ್ಧತಿಯಿಂದ.

ದೇವಿಕೆರೆ, ಶಿರಸಿ: ಹಾಗಾದ್ರೆ ಮಾತಾಡೂದು ಯಾವಾಗ ಮಾರಾಯ್ರೇ? ಅವರು ಕೇಳಿದ್ದು ಸ್ನೇಹದ ವಿಷಯ, ನೀವು ಹೇಳಿದ್ದು ಪರೇಡು. ಹರೆಯದವನು ಅರ್ಧ ತಾಸು ಮೊದಲು ಬಂದು ತನ್ನ ಜೋರು ನಡಿಗೆ ಮುಗಿಸಲಿ, ಆಮೇಲೆ ಹಿರಿಯರ ಜೊತೆ ಅವರ ಹೆಜ್ಜೆಗೆ ನಡೆಯಲಿ. ಮಶಿನ್ ಇದ್ದ ಕಿವಿಯ ಬದಿಗೇ ನಡೆಯಬೇಕು. ಗಾಳಿ ಅದರ ಮೈಕಿಗೆ ಹೊಡೆದರೆ ಬರೀ ಬುಸುಬುಸು, ನಿಮ್ಮ ಮಾತು ಹೋಗುತ್ತದೆ. ಬೆವರು, ಮಳೆಹನಿ ಎರಡೂ ಅದಕ್ಕೆ ವೈರಿ. ಮನೆಗೆ ಹೋದವರೇ ಒರೆಸಿ ಬ್ಯಾಟರಿ ಬಾಗಿಲು ತೆರೆದು ಸಿಲಿಕಾ ಜೆಲ್ ಡಬ್ಬಿಗೆ ಹಾಕಬೇಕು. ಗುಂಡಿ ಬ್ಯಾಟರಿಯ ಸ್ಟಿಕರ್ ಒಮ್ಮೆ ಕಿತ್ತರೆ ಬಳಸಲಿ ಬಿಡಲಿ ಅದು ಇಳಿಯುತ್ತಾ ಹೋಗುತ್ತದೆ. ಸ್ಪೇರ್ ಇರಲಿ ಅಂತ ಮೊದಲೇ ಕಿತ್ತಿಡುವವರು ನಮ್ಮಲ್ಲೂ ಇದ್ದಾರೆ, ಹೇಳಿ ಹೇಳಿ ಸಾಕಾಗಿದೆ.

ಕುಮಟಾ ಅಕ್ಕ: ಎಲ್ಲ ಬಿಟ್ಟು ಮೊದಲು ಶೂ ನೋಡಿ. 2,800 ಕೊಟ್ಟ ಶೂ ಒಂದೇ ಮಳೆಗಾಲಕ್ಕೆ ಬಾಯಿ ಬಿಟ್ಟಿತು. ಅಂಟಿಸಲು 150, ಮತ್ತೆ ಬಿಟ್ಟಿತು, ಹೊಲಿಸಲು 250, ಒಳಗಿನ ಮೆತ್ತೆ 300. ಒಟ್ಟು 3,500! ಉಪ್ಪುನೀರು, ಮರಳು, ಮೇಲಿಂದ ಬಿಸಿಲಿಗೆ ಒಣಗಿಸುವುದು, ಮೂರೂ ಸೇರಿದರೆ ಯಾವ ಅಂಟೂ ನಿಲ್ಲುವುದಿಲ್ಲ. ಸಿಹಿನೀರಲ್ಲಿ ತೊಳೆದು, ಮೆತ್ತೆ ಹೊರಗೆ ತೆಗೆದು, ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಇಡಿ. ಪೇಪರ್ ಒದ್ದೆಯಾದ ಹಾಗೆ ಬದಲಿಸಿ. ಶುಗರ್ ಇದ್ದವರು ಬರಿಗಾಲಲ್ಲಿ ಮರಳಿಗೆ ಇಳಿಯಲೇಬಾರದು. ಕಪ್ಪೆಚಿಪ್ಪು ಕೊಯ್ದರೂ ಎಷ್ಟೋ ಜನರಿಗೆ ತಿಳಿಯುವುದಿಲ್ಲ. ಇನ್ನೊಂದು, ಹೋಗುವಾಗ ಮರಳು, ಬರುವಾಗ ರಸ್ತೆ ಮಾಡಬೇಡಿ. ತೀರ ನೀರಿನ ಕಡೆ ಇಳಿಜಾರು, ಒಂದೇ ಕಾಲು ತಗ್ಗಿನಲ್ಲಿ ಬಿದ್ದು ಸೊಂಟ ಹಿಡಿಯುತ್ತದೆ. ಹೋದ ಮರಳಲ್ಲೇ ವಾಪಸ್ ಬಂದರೆ ಎರಡೂ ಕಾಲಿಗೆ ಸಮ.

ಬೈತಖೋಲದಿಂದ: ಶೂ ಪುರಾಣ ಆಮೇಲೆ. ಶುಗರ್ ಇಳಿದರೆ ಏನ್ ಮಾಡ್ತೀರಿ? ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ನಡೆದರೆ ಕೈ ನಡುಕ, ತಣ್ಣನೆ ಬೆವರು, ಮಾತು ತೊದಲು. ನಿಮ್ಮ ಜೇಬಿನಲ್ಲೂ ಅವರ ಜೇಬಿನಲ್ಲೂ ಗ್ಲೂಕೋಸ್ ಇರಬೇಕು. 15 ಗ್ರಾಂ, ಅಂದರೆ ಮಟ್ಟಸ ಮೂರು ಚಮಚ, ನೀರಿಗೆ ಹಾಕಿ ಕುಡಿಸಿ ಕೂರಿಸಿ. 15 ನಿಮಿಷಕ್ಕೆ ಸರಿಯಾಗದಿದ್ದರೆ ಇನ್ನೊಮ್ಮೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್. ಮಾತ್ರೆ ಹೆಸರು, ರಕ್ತದ ಗುಂಪು, ಮನೆಯ ಎರಡು ನಂಬರ್ ಬರೆದ ಚೀಟಿ ಪ್ಲಾಸ್ಟಿಕ್‌ನಲ್ಲಿ ಹಾಕಿ ಕೊಡಿ. ಅವರ ಮನೆಯವರ ನಂಬರ್ ನಿಮ್ಮಲ್ಲಿ ಇಲ್ಲ ಅಂದ್ರೆ ಎಂಥ ಸ್ನೇಹ ಅದು?

ಹೊನ್ನಾವರ: ಚಹಾದ ವಿಷಯ ಯಾರೂ ಹೇಳಲಿಲ್ಲ. ಪೆನ್ಶನ್ ಇದೆ, ಕೊಡ್ಲಿ ಬಿಡಿ. ದೊಡ್ಡವರಿಗೆ ಅದೇ ಖುಷಿ.

ದೇವಿಕೆರೆ, ಶಿರಸಿ: ಪೆನ್ಶನ್ ನಿಮ್ಮಪ್ಪನ ಮನೆಯದ್ದಾ? ದಿನಕ್ಕೆ ಇಬ್ಬರ ಚಹಾ 30 ಹಿಡಿದರೂ ತಿಂಗಳಿಗೆ 900. ಒಬ್ಬರೇ ಕೊಡ್ತಾ ಹೋದರೆ ಒಂದು ದಿನ ಅವರೇ ಬರುವುದು ಬಿಡ್ತಾರೆ, ಕಾರಣ ಹೇಳುವುದಿಲ್ಲ. ಪೂರ್ತಿ ನೀವೇ ಕೊಟ್ಟರೂ ಅದೇ ಕಥೆ, ಮಾಸ್ತರ ಮಾನದ ಪ್ರಶ್ನೆ. ಒಂದು ವಾರ ಅವರು, ಒಂದು ವಾರ ನೀವು. ಅಂಗಡಿಯವನಿಗೆ ಮೊದಲೇ ಹೇಳಿಡಿ, ಗಲ್ಲೆಯ ಮುಂದೆ ಕೈ ಹಿಡಿದು ಎಳೆದಾಡೂದು ತಪ್ಪುತ್ತದೆ.

ಹೊನ್ನಾವರ: ಅಪ್ಪನ ಸುದ್ದಿ ಎಂತಕ್ಕೆ ತಂದ್ರಿ? ಘಟ್ಟದ ಮೇಲಿನವರಿಗೆ ಎಲ್ಲದಕ್ಕೂ ಲೆಕ್ಕ.

ದೇವಿಕೆರೆ, ಶಿರಸಿ: ಲೆಕ್ಕ ಇಟ್ಟಲ್ಲಿ ಜಗಳ ಇಲ್ಲ. ಮಳೆಗಾಲದ್ದೂ ಹೇಳ್ತೆ ಕೇಳಿ. ಪಾಚಿ ಹಿಡಿದ ಚಿರೇಕಲ್ಲಿನ ಮೆಟ್ಟಿಲು ಬೇಡವೇ ಬೇಡ. ಕಾಡಂಚಿನ ದಾರಿಯಾದರೆ ಸುಣ್ಣ, ಹೊಗೆಸೊಪ್ಪು ಕಲಸಿ ಬಟ್ಟೆಗಂಟು ಕಟ್ಟಿಟ್ಟುಕೊಳ್ಳಿ. ಉಂಬಳ (ಜಿಗಣೆ) ಹತ್ತಿದಲ್ಲಿ ಮುಟ್ಟಿಸಿದರೆ ಬಿಡುತ್ತದೆ. ಮಳೆ ಹಿಡಿದ ದಿನ ಸಭಾಭವನದ ಜಗುಲಿಯಲ್ಲೇ ಸುತ್ತು ಹಾಕಿ, ಐದು ಸುತ್ತಿಗೊಮ್ಮೆ ದಿಕ್ಕು ಬದಲಿಸಿ.

ಕೋಡಿಬಾಗದಿಂದ: ಕಾರವಾರದಲ್ಲಿ ಉಂಬಳ ಎಲ್ಲಿಂದ ಬಂತು? ಇಲ್ಲಿಯದ್ದು ಹೇಳಿ. ಗಟ್ಟಿ ಮರಳು ಸಿಗುವುದು ನೀರು ಇಳಿದಾಗ ಮಾತ್ರ, ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ನಸುಕಿನಲ್ಲಿ ಚೆನ್ನಾಗಿ ಇಳಿದಿರುತ್ತದೆ. ಜೂನ್ ಬಂತೆಂದರೆ ಮರಳು ಮರೆತುಬಿಡಿ, ಸದಾಶಿವಗಡದ ಕಡೆ ಕಾಳಿ ನದಿಯ ಸೇತುವೆ ಮೇಲೆ ಹೋಗಿ.

ಬೈತಖೋಲದಿಂದ: ಸೇತುವೆ ಮೇಲೆ?! 2024ರ ಆಗಸ್ಟ್‌ನಲ್ಲಿ ಕಾಳಿಯ ಹಳೇ ಸೇತುವೆ ಬಿದ್ದ ಮೇಲೆ ಎರಡೂ ದಿಕ್ಕಿನ ಲಾರಿ ಹೊಸದರ ಮೇಲೇ ಬಿದ್ದವು. ಅಲ್ಲಿಗೆ 73 ವರ್ಷದವರನ್ನು, ಅದೂ ಕಿವಿ ಕೇಳದವರನ್ನು ಕಳಿಸ್ತೀರಾ?

ಕೋಡಿಬಾಗದಿಂದ: ನಸುಕಿನಲ್ಲಿ ಲಾರಿ ಕಡಿಮೆ ಅಂತ ಹೇಳಿದೆ.

ಬೈತಖೋಲದಿಂದ: ಎಲ್ಲೂ ಹೇಳಿಲ್ಲ, ಮೇಲೆ ಓದಿ.

ಕೇಳಿದವರು, ಕಾರವಾರ: ವಾರ ಬಿಟ್ಟು ವಾರ ಚಹಾ ಮಾಸ್ತರಿಗೆ ಒಪ್ಪಿಗೆ, ಆದರೆ ಮೊದಲ ವಾರ ಅವರದ್ದೇ ಅಂತೆ. ಶೂ ಲೇಸಿಂದು ತಗೋಬೇಕಾ, ಪಟ್ಟಿಯದ್ದಾ?

ಕುಮಟಾ ಅಕ್ಕ: ಪಟ್ಟಿಯದ್ದು. ಬಗ್ಗಿ ಲೇಸ್ ಕಟ್ಟುವುದು ಅವರಿಗೆ ಕಷ್ಟ, ಬಿಚ್ಚಿದ ಲೇಸ್ ತುಳಿದರೆ ಬೀಳ್ತಾರೆ. ಸಂಜೆ ಹೊತ್ತು ಕಾಲು ಸ್ವಲ್ಪ ಉಬ್ಬಿದಾಗ ಅಳತೆ ನೋಡಿಸಿ, ಮುಂದೆ ಹೆಬ್ಬೆರಳಷ್ಟು ಜಾಗ ಇರಲಿ. ಪಟ್ಟಿಗೆ ಮರಳು ಹತ್ತಿ ಹಿಡಿತ ಹೋಗುತ್ತದೆ, ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿ. 2,800ರದ್ದು ಮಾತ್ರ ಬೇಡ.