ಪದಚರ್ಚೆ: ಕ್ಯಾಡ್ಮಿಯಂ ‘ಸಂಚಯ’ವೋ ‘ವರ್ಧನೆ’ಯೋ?

ಪ್ರಶ್ನೆ:

ಭತ್ತ ಬೆಳೆಯುವವರಿಗಾಗಿ ಮಣ್ಣು-ನೀರಿನ ಭಾರಲೋಹಗಳ ಕುರಿತು ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಮೂರು ಕಡೆ ಪದ ಕೈಕೊಟ್ಟಿದೆ. ‘ಬಯೋಅಕ್ಯುಮುಲೇಶನ್’, ‘ಬಯೋಮ್ಯಾಗ್ನಿಫಿಕೇಶನ್’ ಎರಡಕ್ಕೂ ಕರಡಿನಲ್ಲಿ ‘ಜೈವಿಕ ಶೇಖರಣೆ’ ಎಂದೇ ಇದೆ. ಸಾಕೇ? ‘ಭಾರಲೋಹ’ ಎಂಬುದು ಓದುಗರಿಗೆ ಸರಿಯಾಗಿ ಮುಟ್ಟುತ್ತದೆಯೇ? ಇನ್ನು ‘ಲಭ್ಯ ಕ್ಯಾಡ್ಮಿಯಂ’ ಎಂದರೆ ಅಂಗಡಿಯಲ್ಲಿ ಸಿಗುವ ಸರಕಿನಂತೆ ಕೇಳುತ್ತದೆ. ಬೇರೆ ಹೇಗೆ ಬರೆಯಬಹುದು?

ಉತ್ತರ:

ಮೊದಲನೆಯದಕ್ಕೆ ಒಂದೇ ಪದ ಸಾಲದು. ಒಂದು ಜೀವಿ ತನ್ನ ಆಯುಷ್ಯದಲ್ಲಿ ಹೊರಹಾಕುವುದಕ್ಕಿಂತ ಹೆಚ್ಚು ಒಳಗೆ ತೆಗೆದುಕೊಂಡು ಉಳಿಸಿಕೊಂಡರೆ ಅದು ಸಂಚಯ (ಬಯೋಅಕ್ಯುಮುಲೇಶನ್). ತಿಂದದ್ದಕ್ಕಿಂತ ತಿಂದವನಲ್ಲಿ, ಅವನಿಗಿಂತ ಅವನನ್ನು ತಿಂದವನಲ್ಲಿ ಸಾಂದ್ರತೆ ಏರುತ್ತ ಹೋದರೆ ಅದು ವರ್ಧನೆ (ಬಯೋಮ್ಯಾಗ್ನಿಫಿಕೇಶನ್). ಮೀಥೈಲ್ ಪಾದರಸಕ್ಕೆ ಎರಡೂ ಹೊಂದುತ್ತವೆ. ಅದು ಮೀನಿನ ಮಾಂಸಖಂಡದಲ್ಲೇ ಸೇರಿಕೊಳ್ಳುವುದರಿಂದ ಬೂತಾಯಿಗಿಂತ ಶಾರ್ಕಿನಲ್ಲಿ ಬಹಳ ಹೆಚ್ಚು. ಕ್ಯಾಡ್ಮಿಯಂನ ದಾರಿಯೇ ಬೇರೆ. ಅದು ಮೆಟಲೋಥಯೋನೀನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಯಕೃತ್ತು, ಮೂತ್ರಪಿಂಡಗಳಲ್ಲಿ ಕೂರುತ್ತದೆ. ಮಾಂಸಖಂಡಕ್ಕೆ ಹೋಗುವುದು ತೀರಾ ಕಡಿಮೆ. ಮನುಷ್ಯನ ಮೂತ್ರಪಿಂಡದಲ್ಲಿ ಅದರ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 10ರಿಂದ 30 ವರ್ಷ. ಮುದಿ ಜಿಂಕೆಯ ಮೂತ್ರಪಿಂಡದಲ್ಲಿ ಮರಿಯದಕ್ಕಿಂತ ಬಹಳ ಹೆಚ್ಚು ಸಿಗುವುದು ವಯಸ್ಸಿನಿಂದ, ಆಹಾರ ಸರಪಳಿಯ ಮೆಟ್ಟಿಲಿನಿಂದಲ್ಲ.

ಆದ್ದರಿಂದ ಪದ ತಪ್ಪಿದರೆ ಸಲಹೆಯೂ ತಪ್ಪುತ್ತದೆ. ಪಾದರಸಕ್ಕೆ ಹೆದರುವವರು ದೊಡ್ಡ ಬೇಟೆ ಮೀನು ಬಿಡಬೇಕು. ಕಲುಷಿತ ಜಾಗದಲ್ಲಿ ಕ್ಯಾಡ್ಮಿಯಂಗೆ ಹೆದರುವವರು ಬಿಡಬೇಕಾದ್ದು ಮೂತ್ರಪಿಂಡ, ಯಕೃತ್ತು, ಏಡಿಯೊಳಗಿನ ಕಂದು ಭಾಗ, ನೀರನ್ನು ಸೋಸಿ ಬದುಕುವ ಮರುವಾಯಿಯಂಥ ಚಿಪ್ಪುಜೀವಿ. ‘ದೊಡ್ಡ ಪ್ರಾಣಿಗಳಲ್ಲೇ ಅತಿ ಹೆಚ್ಚು’ ಎಂದು ಬರೆದರೆ ಇವೆಲ್ಲ ಸುರಕ್ಷಿತ ಎಂದಾಗುತ್ತದೆ. ಕ್ಯಾಡ್ಮಿಯಂ ಮನುಷ್ಯನನ್ನು ಮುಟ್ಟಲು ಉದ್ದದ ಸರಪಳಿಯೂ ಬೇಕಿಲ್ಲ. ಜಪಾನಿನ ತೊಯಾಮಾದ ಜಿಂಜು ನದಿ ಬಯಲಿನಲ್ಲಿ ಗಣಿಯ ನೀರು ನದಿಗೆ, ನದಿಯ ನೀರು ಗದ್ದೆಗೆ ಹರಿಯಿತು. ಅಕ್ಕಿ ಉಂಡವರ ಮೂತ್ರಪಿಂಡ ಕೆಟ್ಟು ಮೂಳೆ ಮೆತ್ತಗಾಯಿತು. ‘ಇತಾಯ್-ಇತಾಯ್’ ಎಂದು ಕರೆಯಲಾದ ಈ ಕಾಯಿಲೆಗೆ ಕ್ಯಾಡ್ಮಿಯಂ ಕಾರಣವೆಂದು ಜಪಾನ್ ಸರ್ಕಾರ 1968ರಲ್ಲಿ ಒಪ್ಪಿತು.

‘ಭಾರಲೋಹ’ ರೂಢಿಯಲ್ಲಿದೆ, ತೆಗೆಯಲಾಗದು. ಆದರೆ ‘ಭಾರ’ ಎಂದ ಕೂಡಲೇ ಕೊಡದಲ್ಲಿ ತಳಕ್ಕೆ ಕೂರುವುದು ಎಂದುಕೊಂಡು ಮೇಲಿನ ನೀರು ಬಗ್ಗಿಸಿ ಕುಡಿಯುವವರಿದ್ದಾರೆ. ಕರಗಿದ ಲೋಹ ತಳಕ್ಕೆ ಕೂರುವುದಿಲ್ಲ, ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಸಾಂದ್ರತೆ ಇನ್ನಷ್ಟು ಏರುತ್ತದೆ. ಕ್ಲೋರಿನ್‌ನಿಂದ ಪ್ರಯೋಜನವಿಲ್ಲ, ಆರ್‌ಓ ಪೊರೆ ಬಹುಪಾಲು ತಡೆಯುತ್ತದೆ. ಇದನ್ನು ಪದ ಮೊದಲು ಬಂದಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ. ‘ವಿಷಲೋಹ’ ಎಂದು ಬದಲಿಸುವುದು ನನಗೆ ಒಪ್ಪಿಗೆಯಿಲ್ಲ: ಸತು, ತಾಮ್ರ ಬೆಳೆಗೆ ಬೇಕಾದವು, ಅತಿಯಾದಾಗ ಮಾತ್ರ ವಿಷ, ಆರ್ಸೆನಿಕ್ ಪೂರ್ತಿ ಲೋಹವೂ ಅಲ್ಲ. ಆದಷ್ಟೂ ಕ್ಯಾಡ್ಮಿಯಂ, ಸೀಸ, ಪಾದರಸ ಎಂದು ಹೆಸರು ಹಿಡಿದೇ ಬರೆಯಿರಿ.

ಮೂರನೆಯದಕ್ಕೆ ‘ಬೇರಿಗೆ ಸಿಗುವ ಕ್ಯಾಡ್ಮಿಯಂ’ ಎನ್ನಿ. ಮಣ್ಣಿನಲ್ಲಿ ಒಟ್ಟು ಎಷ್ಟಿದೆ ಎಂಬುದೊಂದು, ಬೇರು ಎಷ್ಟನ್ನು ಎಳೆದುಕೊಳ್ಳಬಲ್ಲದು ಎಂಬುದು ಇನ್ನೊಂದು. ಪ್ರಯೋಗಾಲಯದಲ್ಲೂ ಎರಡಕ್ಕೆ ಎರಡು ವಿಧಾನ: ಒಟ್ಟನ್ನು ತಿಳಿಯಲು ಮಣ್ಣನ್ನು ಬಿಸಿ ಆಮ್ಲದಲ್ಲಿ ಕರಗಿಸುತ್ತಾರೆ, ಸಿಗುವ ಪಾಲಿಗೆ ಸಾಮಾನ್ಯವಾಗಿ 10 ಗ್ರಾಂ ಮಣ್ಣಿಗೆ 20 ಮಿ.ಲೀ. ಡಿಟಿಪಿಎ (ಲೋಹವನ್ನು ಹಿಡಿದುಕೊಳ್ಳುವ ರಾಸಾಯನಿಕ) ದ್ರಾವಣ ಸೇರಿಸಿ 2 ಗಂಟೆ ಅಲುಗಿಸಿ ಸೋಸುತ್ತಾರೆ. ಎರಡು ಅಂಕಿಗಳನ್ನು ಒಂದೇ ಕಾಲಂನಲ್ಲಿ ಹಾಕಬಾರದು.

ಸಿಗುವ ಪಾಲು ಬದಲಾಗುತ್ತಲೇ ಇರುತ್ತದೆ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಬಿಡುಗಡೆಯಾಗುತ್ತದೆ, ಸುಣ್ಣ ಹಾಕಿ ಹುಳಿ ಇಳಿಸಿದರೆ ತಗ್ಗುತ್ತದೆ. ಉಪ್ಪುನೀರು ಕಟ್ಟಿದರೆ ಕ್ಲೋರೈಡ್ ಜೊತೆ ಸೇರಿ ಮತ್ತೆ ಕರಗುತ್ತದೆ. ಗದ್ದೆಯಲ್ಲಿ ನೀರು ನಿಂತಿದ್ದರೆ ಗಂಧಕದೊಂದಿಗೆ ಕೂಡಿ ಕರಗದ ಸಲ್ಫೈಡ್ ಆಗುತ್ತದೆ; ನೀರು ಬಸಿದು ಗಾಳಿಯಾಡಿದೊಡನೆ ಆ ಬಂಧ ಬಿಚ್ಚುತ್ತದೆ. ಅದಕ್ಕೇ ಜಪಾನಿನಲ್ಲಿ ಕ್ಯಾಡ್ಮಿಯಂ ಇರುವ ಗದ್ದೆಯಲ್ಲಿ ಹೊಡೆ ಒಡೆಯುವ (ತೆನೆ ಹೊರಬರುವ) 3 ವಾರ ಮೊದಲಿನಿಂದ 3 ವಾರ ನಂತರದವರೆಗೆ ನೀರು ನಿಂತೇ ಇರುವಂತೆ ನೋಡಿಕೊಳ್ಳುತ್ತಾರೆ. ಕೈಪಿಡಿಯಲ್ಲಿ ಇದಕ್ಕೆ ಅಂಟಿಕೊಂಡೇ ಎಚ್ಚರಿಕೆಯೂ ಬರಬೇಕು: ನೀರು ನಿಂತರೆ ಆರ್ಸೆನಿಕ್ ಉಲ್ಟಾ ನಡೆಯುತ್ತದೆ, ಕರಗಿ ಅಕ್ಕಿಗೆ ಏರುತ್ತದೆ. ಎರಡೂ ಇರುವ ಮಣ್ಣಿಗೆ ಈ ಸಲಹೆ ಹಾಗೆಯೇ ಕೊಡುವಂತಿಲ್ಲ.

ಮತ್ತೊಂದು ಉತ್ತರ:

ಮೇಲಿನದಕ್ಕೆ ಸಹಮತ, ‘ವರ್ಧನೆ’ ಒಂದನ್ನು ಬಿಟ್ಟು. ಮೌಲ್ಯವರ್ಧನೆ, ಬಲವರ್ಧನೆ ಎಂದು ಕೇಳಿ ಕಿವಿ ಒಗ್ಗಿದೆ. ರೈತರ ಕೈಪಿಡಿಯಲ್ಲಿ ‘ಪಾದರಸದ ವರ್ಧನೆ’ ಎಂದರೆ ಯಾವುದೋ ಯೋಜನೆಯ ಹೆಸರಿನಂತಿದೆ. ‘ಹಂತಹಂತಕ್ಕೆ ಏರಿಕೆ’ ಎನ್ನಬಹುದು.

ಇನ್ನು ಏಕಮಾನ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಂತೆ ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.003 ಮಿ.ಗ್ರಾಂ ಮೀರಬಾರದು. ಇದನ್ನೇ 3 ಮೈಕ್ರೋಗ್ರಾಂ ಎಂದು ಬರೆದಲ್ಲಿ ‘ಮೈಕ್ರೋ’ದ ಗ್ರೀಕ್ ಅಕ್ಷರ ಕನ್ನಡ ಫಾಂಟಿಗೆ ಬದಲಾಗುವಾಗ ಬಿದ್ದುಹೋಗುವುದುಂಟು. ಚಿಹ್ನೆ ಬಿಟ್ಟು ಪದವನ್ನೇ ಪೂರ್ತಿ ಬರೆಯಿರಿ. ನಗರ ಕಾಂಪೋಸ್ಟ್‌ಗೆ ರಸಗೊಬ್ಬರ ನಿಯಂತ್ರಣ ಆದೇಶದ ಕ್ಯಾಡ್ಮಿಯಂ ಮಿತಿ ಕೆ.ಜಿ.ಗೆ 5 ಮಿ.ಗ್ರಾಂ, ಅದು ಗೊಬ್ಬರಕ್ಕೆ, ಮಣ್ಣಿಗಲ್ಲ. ಮಣ್ಣಿನ ವರದಿಯ ಪಕ್ಕದಲ್ಲಿ ಆ ಅಂಕಿಯನ್ನು ‘ಸುರಕ್ಷಿತ ಮಟ್ಟ’ ಎಂದು ಇಡಬೇಡಿ.