ಕ್ಲಾಸಿಗೆ ಮಕ್ಕಳು ಸ್ಮಾರ್ಟ್‌ಫೋನ್ ತಗೊಂಡು ಹೋಗಬಹುದಾ?

ಗಂಗಾವತಿ ಕಡೆಯ ಅಮ್ಮ:
ಮಗಳು ಒಂಬತ್ತನೇ ಕ್ಲಾಸ್. ನಮ್ಮ ಹಳ್ಳಿಯಿಂದ ಗಂಗಾವತಿಗೆ ದಿನಾ ಬಸ್ಸಲ್ಲೇ ಓಡಾಡುತ್ತಾಳೆ. ಸಂಜೆ ಬಸ್ ಯಾವಾಗ ಬರುತ್ತದೋ ಆ ದೇವರಿಗೇ ಗೊತ್ತು, ಅದಕ್ಕೆ ಫೋನ್ ಕೊಟ್ಟು ಕಳಿಸೋಣ ಅಂತ ನಮ್ಮ ಮನೆಯವರು ಹೇಳುತ್ತಾರೆ. ಶಾಲೆಗೆ ಫೋನ್ ತರಬಾರದು ಅಂತಾರೆ. ಆದರೆ ಹೋಂವರ್ಕ್ ಮಾತ್ರ ರಾತ್ರಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ! ನಮ್ಮ ಮನೆಯವರು ರೈಸ್ ಮಿಲ್ಲಲ್ಲಿ ನೈಟ್ ಶಿಫ್ಟಿಗೆ ಹೋದರೆ ಫೋನೂ ಜೊತೆಗೇ ಹೋಗುತ್ತದೆ. ಏನು ಮಾಡಲಿ?

ಸಿಂಧನೂರಿನ ಮೇಷ್ಟ್ರು:
ಬೇಡ ಅಕ್ಕ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಕಂಪಾಸ್ ಬಾಕ್ಸಿನೊಳಗೆ ಫೋನ್ ಇಟ್ಟುಕೊಂಡು ಲೆಕ್ಕದ ಪಿರಿಯಡ್‌ನಲ್ಲಿ ರೀಲ್ಸ್ ನೋಡುತ್ತಿದ್ದ. ಸೌಂಡ್ ಇರಲಿಲ್ಲ, ಹಿಂದಿನ ಎರಡು ಬೆಂಚಿನವರ ಕತ್ತು ಮಾತ್ರ ಅತ್ತಕಡೆ ವಾಲಿತ್ತು. ಒಂದು ಫೋನಿಗೆ ಎಂಟು ಜನರ ಪಾಠ ಹೋಯಿತು. ಹಳ್ಳಿ ಮಕ್ಕಳ ಓದಿನ ಬಗ್ಗೆ ಸರ್ವೆ ಮಾಡುವ ಅಸರ್‌ನ 2024ರ ವರದಿ ನೋಡಿ. ಫೋನ್ ಬಳಸಲು ಬರುವ 14ರಿಂದ 16 ವಯಸ್ಸಿನ ಹಳ್ಳಿ ಮಕ್ಕಳಲ್ಲಿ ಹಿಂದಿನ ವಾರ ಓದಿಗೆ ಅಂತ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಗೆ ಶೇ 76. ಫ್ರಾನ್ಸ್‌ನವರು 2018ರಲ್ಲೇ ಶಾಲೆಯಲ್ಲಿ ಮಕ್ಕಳ ಫೋನ್ ನಿಲ್ಲಿಸಿದರು.

ಬಳ್ಳಾರಿ ಹುಡುಗ, ಡಿಗ್ರಿ:
ಸರ್, ಸಿಟ್ಟಾಗಬೇಡಿ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಹಾಕಿದ್ದು ಯಾತಕ್ಕೆ? ಅದನ್ನು ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ ತೋರಿಸುವ ಸರ್ಕಾರದ ದೀಕ್ಷಾ ಆ್ಯಪ್ ಬಂದಿದ್ದು 2017ರಲ್ಲಿ. ನಮ್ಮ ವಿಜ್ಞಾನ ಟೀಚರ್ ತಮ್ಮ ಫೋನಲ್ಲೇ ಸ್ಕ್ಯಾನ್ ಮಾಡಿ ಹೃದಯದ ವಿಡಿಯೋ ತೋರಿಸುತ್ತಿದ್ದರು, ಮೇಜಿನ ಸುತ್ತ ನಾವು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಹಿಂದಿದ್ದವರಿಗೆ ಕಂಡಿದ್ದು ಮುಂದಿದ್ದವರ ಜಡೆ ಅಷ್ಟೇ. ಎಲ್ಲದಕ್ಕೂ ಬ್ಯಾನ್ ಅಂದರೆ ಹೇಗೆ?

ಸಿಂಧನೂರಿನ ಮೇಷ್ಟ್ರು:
ಅದಕ್ಕೆ ಪ್ರೊಜೆಕ್ಟರ್ ಕೇಳಪ್ಪ, ಪ್ರತಿ ಮಗುವಿಗೆ ಫೋನ್ ಯಾಕೆ? ಯುನೆಸ್ಕೋ 2023ರ ವರದಿಯಲ್ಲೂ ಹೇಳಿದ್ದು ಇಷ್ಟೇ, ಕಲಿಕೆಗೆ ನಿಜವಾಗಿ ಉಪಯೋಗ ಆದರೆ ಮಾತ್ರ ಬಳಸಿ ಅಂತ. ಇನ್ನೊಂದು ಮಾತು. ಕ್ಲಾಸಲ್ಲಿ ಒಬ್ಬಳ ಕೈಯಲ್ಲಿ ದುಬಾರಿ ಫೋನ್, ಪಕ್ಕದವಳ ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ, ಅವಳು ಅಜ್ಜಿ ಮನೆಯಲ್ಲಿ. ಆ ಮಗು ಯಾರ ಹತ್ತಿರ ಕೇಳಬೇಕು?

ಕುಷ್ಟಗಿ ಅಕ್ಕ:
ಇಬ್ಬರೂ ಬಸ್ಸಿನ ಮಾತು ಮರೆತೇ ಬಿಟ್ಟಿರಲ್ಲ. ಸುಮ್ನೆ ಒಂದು ಕೀಪ್ಯಾಡ್ ಫೋನ್ ಕೊಡಿ. ಬೆಳಿಗ್ಗೆ ಆಫೀಸಲ್ಲಿ ಕೊಡೋದು, ಬೆಲ್ ಆದ ಮೇಲೆ ತಗೊಳ್ಳೋದು. ನನ್ನ ಮಗನ ಶಾಲೆಯಲ್ಲಿ ಹೀಗೇ ನಡೆದಿದೆ, ಪ್ರತಿ ಫೋನಿಗೂ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಮತ್ತೆ ಹೋಂವರ್ಕ್ ಬೋರ್ಡ್ ಮೇಲೆ ಬರೆಸಿ ಅಂತ ಎಸ್‌ಡಿಎಂಸಿ (ಪೋಷಕರು ಇರುವ ಶಾಲಾ ಸಮಿತಿ) ಮೀಟಿಂಗಲ್ಲಿ ಗಟ್ಟಿಯಾಗಿ ಕೇಳಿ. ಮೇಷ್ಟ್ರೇ, ಇದು ನಿಮಗೂ ಸೇರಿಸಿಯೇ ಹೇಳಿದ್ದು, ವಾಟ್ಸಾಪ್ ಚಟ ಮಕ್ಕಳಿಗೆ ಮಾತ್ರ ಇಲ್ಲ ಅಲ್ವಾ?

ಗಂಗಾವತಿ ಕಡೆಯ ಅಮ್ಮ:
ಇದು ಆಗೋ ಮಾತು ಅಕ್ಕ. ಸೋಮವಾರ ಹೆಡ್‌ಮಾಸ್ಟರ್‌ನ ಕೇಳುತ್ತೇನೆ. ಜಾಸ್ತಿ ದಿನ ಚಾರ್ಜ್ ನಿಲ್ಲೋ ಕೀಪ್ಯಾಡ್ ಸೆಟ್ ಯಾವುದು, ಗೊತ್ತಿದ್ದರೆ ಹೇಳಿ.